ಸೋಮವಾರದ ಮೊಸರು

ನಮ್ಮ ಊರಿನಲ್ಲಿ ಮದುವೆಯಾದವರ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವುದಿಲ್ಲ. ಸಂಜೆ ಕಾಸಿದ ಹಾಲನ್ನು ಉಗುರುಬೆಚ್ಚಗಿರುವಾಗ ಮಣ್ಣಿನ ಕುಡಿಕೆಗೆ ಹುಯ್ದು, ತಟ್ಟೆ ಮುಚ್ಚಿ, ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಬಿಡುತ್ತಾರೆ. ಬೆಳಗ್ಗೆ ಮೊಸರಾಗಿರುತ್ತದೆ. ಪೇಟೆಯಲ್ಲಿ ಮೊಸರಿನ ಅಂಗಡಿ ಒಂದೇ ಒಂದು. ಅಲ್ಲಿಗೆ ಬರುವವರು ಒಂಟಿ ಗಂಡಸರು, ಹಾಸ್ಟೆಲಿನ ಹುಡುಗಿಯರು, ನನ್ನಂಥ ವಿಧವೆಯರು. ಎಂದಾದರೂ ಗಂಡ ಇರುವ ಹೆಂಗಸು ಬಂದರೆ ಅಂಗಡಿಯ ಶೇಷಪ್ಪ ಏನೂ ಕೇಳದೆ ಮೊಸರಿನ ಪ್ಯಾಕೆಟ್ಟನ್ನು ಎರಡು ಪದರ ಪತ್ರಿಕೆಯಲ್ಲಿ ಸುತ್ತಿ ಕೊಡುತ್ತಾನೆ. ಬೀದಿಯಲ್ಲಿ ಯಾರಿಗೂ ಕಾಣಬಾರದಲ್ಲ.

ವಿಚ್ಛೇದನ ಬೇಕೆನ್ನುವವರು ಸತತವಾಗಿ ಏಳು ಬೆಳಗು ತಮ್ಮ ಮನೆಯ ಹಾಲು ಹಾಲಾಗಿಯೇ ಉಳಿದದ್ದನ್ನು ತೋರಿಸಬೇಕು. ನಡುವೆ ಒಂದು ದಿನ ಮೊಸರಾದರೂ ಲೆಕ್ಕ ಮತ್ತೆ ಒಂದರಿಂದ. ಅದನ್ನು ನೋಡಿ ಬರೆಯಲು ಕೋರ್ಟಿನಿಂದ ಒಬ್ಬರನ್ನು ಕಳಿಸುತ್ತಾರೆ. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತಳಾದ ಮೇಲೆ ಆ ಕೆಲಸ ನನಗೆ ಬಂತು. ಚೀಲದಲ್ಲಿ ಒಂದು ಚಮಚ, ಲಿಟ್ಮಸ್ ಕಾಗದ, ಒಂದು ನೋಟ್‌ಬುಕ್ಕು. ಅನುಮಾನವೇ ಈ ಕೆಲಸದ ಬಂಡವಾಳ. ಎಂಟು ವರ್ಷದಲ್ಲಿ ಹಾಲಿಗೆ ಸೋಡಾ ಹಾಕಿದವರನ್ನು ಹಿಡಿದಿದ್ದೇನೆ, ರಾತ್ರಿಯೆಲ್ಲ ಕುಡಿಕೆಯನ್ನು ಫ್ರಿಜ್ಜಿನಲ್ಲಿಟ್ಟು ನಾನು ಬರುವ ಹೊತ್ತಿಗೆ ಹೊರಗಿಟ್ಟವರನ್ನು ಹಿಡಿದಿದ್ದೇನೆ. ಕುಡಿಕೆಗೆ ಮುದ್ರೆ ಹಾಕಬಾರದೇ ಎಂದು ಹೊಸಬರು ಕೇಳುತ್ತಾರೆ. ಮುದ್ರೆ ಹಾಕಿದರೆ ಯಾರ ಮನೆಯ ಹಾಲೂ ಹೆಪ್ಪಾಗುವುದಿಲ್ಲ, ಅದನ್ನೂ ನೋಡಿಯಾಗಿದೆ. ಎಲ್ಲ ಮೋಸಗಳೂ ಮೊಸರಾಗದಂತೆ ತಡೆಯುವ ಮೋಸಗಳೇ. ಮೊಸರು ಮಾಡುವ ಮೋಸವನ್ನು ನಾನು ಕಂಡದ್ದು ಪೂರ್ವಿ ಮತ್ತು ಸುಹಾಸರ ಮನೆಯಲ್ಲಿ, ಮೊದಲ ಸಲ.

ಪೂರ್ವಿ ದಂತವೈದ್ಯೆ, ಮೂವತ್ತೊಂದು ವರ್ಷ. ಸುಹಾಸ ಜಾಹೀರಾತು ಕಂಪನಿಯೊಂದರಲ್ಲಿ ಬರೆಯುವ ಕೆಲಸದಲ್ಲಿದ್ದ. ಕೆರೆಯ ಪಕ್ಕದ ಹೊಸ ಅಪಾರ್ಟ್‌ಮೆಂಟಿನ ಆರನೆಯ ಮಹಡಿಯಲ್ಲಿ ಮನೆ. ಮೊದಲ ದಿನ, ಬುಧವಾರ ಬೆಳಗ್ಗೆ ಆರೂವರೆಗೆ ನಾನು ಗಂಟೆ ಒತ್ತಿದಾಗ ಇಬ್ಬರೂ ಒಟ್ಟಿಗೇ ಬಾಗಿಲ ಹತ್ತಿರ ಬಂದರೆಂದು ಕಾಣುತ್ತದೆ. ‘ನೀನು ತೆಗಿ’, ‘ಇಲ್ಲ, ನೀನೇ’ ಎಂದು ಒಳಗೆ ಪಿಸುಮಾತು ಕೇಳಿಸಿತು. ಬಾಗಿಲು ತೆರೆಯಲು ಒಂದು ನಿಮಿಷವೇ ಆಯಿತು. ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುವವರಿಗೆ ವಿಚ್ಛೇದನ ಯಾಕೆ ಬೇಕು ಎಂದು ನನಗೆ ಅಲ್ಲೇ ಅನುಮಾನ ಬಂತು.

ಕಾರಣ ಕೇಳುವುದು ನನ್ನ ಕೆಲಸವಲ್ಲ. ಆದರೂ ಪೂರ್ವಿಯೇ ಹೇಳಿದಳು. ಗಡಿಯಾಚೆಯ ಊರಿನ ದಂತವೈದ್ಯ ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಮುಂದಿನ ತಿಂಗಳ ಒಂದನೇ ತಾರೀಖು ಸೇರಬೇಕು, ತಪ್ಪಿದರೆ ಆ ಜಾಗ ಇನ್ನೊಬ್ಬರಿಗೆ. ಹಾಲು ಹೆಪ್ಪಾಗುವ ಮನೆಯವರು ಗಡಿ ದಾಟಿ ಬೇರೆ ಬೇರೆ ವಾಸ ಮಾಡುವಂತಿಲ್ಲ, ಗಡಿಯ ಚೌಕಿಯಲ್ಲಿ ವಿಚ್ಛೇದನದ ಕಾಗದ ಕೇಳುತ್ತಾರೆ. ಸುಹಾಸನಿಗೆ ಈ ಊರು ಬಿಡಲು ಮನಸ್ಸಿಲ್ಲ. ಇಷ್ಟೇ ಆದರೆ ಮಾತಾಡಿ ಸರಿಮಾಡಿಕೊಳ್ಳಬಹುದಿತ್ತಲ್ಲ ಎಂದೆ.

“ಮಾತಾಡ್ತೀವಿ ಮೇಡಂ. ಒಳ್ಳೇ ಹೋಟೆಲಿನ ಕೌಂಟರಿನಲ್ಲಿ ನಿಂತವರು ಮಾತಾಡ್ತಾರಲ್ಲ, ಹಾಗೆ. ಮೂರು ವರ್ಷ ಆಯ್ತು, ಒಂದು ಜಗಳ ಇಲ್ಲ. ಕುಡಿಕೆ ದಿನಾ ಮೊಸರಾಗ್ತಿತ್ತು. ಆದ್ರೆ ಹೆಪ್ಪಾದ್ರೆ ಆಯ್ತಾ? ಅದನ್ನ ಯಾರಾದ್ರೂ ಕೂತು ತಿನ್ನಬೇಕಲ್ವಾ? ನಮ್ಮನೇಲಿ ಅದು ಫ್ರಿಜ್ಜಲ್ಲೇ ಹುಳಿಯಾಗುತ್ತೆ.”

ಅರ್ಜಿ ಹಾಕಿದ ದಿನದಿಂದ ಆ ಕುಡಿಕೆ ಮೊಸರಾಗುವುದು ನಿಂತಿತ್ತು. ನಾನು ಹೋದ ಮೊದಲ ಐದು ಬೆಳಗೂ ಹಾಲು. ಆದರೂ ನನ್ನ ಕಣ್ಣಿಗೆ ಏನೇನೋ ಬೀಳುತ್ತಿತ್ತು. ಟಿವಿ ನೋಡುತ್ತ ಕೂತಿದ್ದ ಸುಹಾಸ ಅವಳ ಕೋಣೆಯ ಬಾಗಿಲು ಸದ್ದಾದರೆ ಸಾಕು, ಧ್ವನಿ ತಗ್ಗಿಸುತ್ತಿದ್ದ. ಅವಳು ಸ್ನಾನ ಮುಗಿಸಿದವಳು ಗೀಸರ್ ಆರಿಸದೆ ಬರುತ್ತಿದ್ದಳು, ಮುಂದೆ ಸ್ನಾನಕ್ಕೆ ಹೋಗುವವನು ಅವನು. ಇಂಥದ್ದನ್ನು ಬರೆಯಲು ನೋಟ್‌ಬುಕ್ಕಿನಲ್ಲಿ ಕಾಲಂ ಇಲ್ಲ. ನಾನು ‘ಹಾಲು’ ಎಂದು ಬರೆದು, ಇಬ್ಬರ ಸಹಿ ಹಾಕಿಸಿಕೊಂಡು ಬರುತ್ತಿದ್ದೆ.

ಆರನೆಯ ಬೆಳಗು, ಸೋಮವಾರ, ತಟ್ಟೆ ತೆಗೆದರೆ ಮೊಸರು. ಮೂವರೂ ಕುಡಿಕೆಯ ಸುತ್ತ ನಿಂತೆವು, ಮನೆಯೊಳಗೆ ಹಾವು ಬಂದಾಗ ನಿಲ್ಲುತ್ತಾರಲ್ಲ, ಹಾಗೆ. ಚಮಚ ಅದ್ದಿ ಎತ್ತಿದೆ. ಮೊಸರು ಚಮಚವನ್ನು ಸಲೀಸಾಗಿ ಬಿಡಲಿಲ್ಲ, ತೆಳ್ಳಗೆ ನೂಲಿನಂತೆ ಎಳೆಯಿತು. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನಮ್ಮ ಮನೆಯವರು ಇದ್ದಾಗ, ಕೊನೆಯ ಹನ್ನೊಂದು ವರ್ಷ ನಮ್ಮ ಮನೆಯ ಮೊಸರೂ ಹೀಗೇ ನೂಲು ಎಳೆಯುತ್ತಿತ್ತು. ಹಾಲಿನಲ್ಲೇ ದೋಷ ಎಂದು ನಾನು ಮೂರು ಸಲ ಹಾಲಿನವನನ್ನು ಬದಲಾಯಿಸಿದ್ದೆ.

ಅಂದು ಪೂರ್ವಿ ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಬಾಗಿಲು ಎಳೆದುಕೊಂಡಳು. ಇದು ಅವನದೇ ಕೆಲಸ, ಏನೋ ಬೆರೆಸಿದ್ದಾನೆ, ತಾನು ಹೋಗುವುದು ಅವನಿಗೆ ಬೇಡ, ಬಾಯಿಬಿಟ್ಟು ಹೇಳುವ ಧೈರ್ಯವೂ ಇಲ್ಲ ಎಂದಳು. ಇಳಿಯುವಾಗ ಸುಹಾಸ ನನ್ನ ಚೀಲ ಹಿಡಿದುಕೊಂಡು ಲಿಫ್ಟಿನಲ್ಲಿ ಜೊತೆಗೆ ಬಂದ. ನಾಲ್ಕನೆಯ ಮಹಡಿ ದಾಟಿದ ಮೇಲೆ ಮೆಲ್ಲಗೆ, ಅವಳೇ ಏನೋ ಹಾಕಿರಬೇಕು ಮೇಡಂ, ನನ್ನ ಮೇಲೆ ತಪ್ಪು ಹೊರಿಸಿ ಹೋಗೋದು ಸುಲಭ ಅಲ್ವಾ ಎಂದ. ಇಬ್ಬರ ಮುಖವನ್ನೂ ನೋಡಿದೆ. ಮೂವತ್ತೊಂದು ವರ್ಷ ಪರೀಕ್ಷಾ ಕೊಠಡಿಯಲ್ಲಿ ಕಾವಲು ನಿಂತವಳಿಗೂ ಯಾರು ಕಾಪಿ ಹೊಡೆದವರು ಎಂದು ತಿಳಿಯಲಿಲ್ಲ.

ಕೋರ್ಟಿನ ಗುಮಾಸ್ತ ಗುರುಲಿಂಗಪ್ಪನಿಗೆ ನನ್ನ ಮೇಲೆಯೇ ಅನುಮಾನ. ಜೋಡಿ ಒಡೆಯುವುದು ನಿಮಗೆ ಇಷ್ಟವಿಲ್ಲ ಎಂದು ಊರಿಗೆಲ್ಲ ಗೊತ್ತು ಮೇಡಂ, ಚೀಲದಲ್ಲಿ ಚಮಚದ ಜೊತೆ ಇನ್ನೇನು ಒಯ್ಯುತ್ತೀರಿ ಎಂದು ನಗುನಗುತ್ತ ಕೇಳಿದ. ನಗು ಬಾಯಲ್ಲಿತ್ತು, ಕಣ್ಣು ಚೀಲದ ಮೇಲಿತ್ತು.

ಮಂಗಳವಾರದಿಂದ ಮತ್ತೆ ಒಂದು. ಆ ವಾರ ನಾನು ಶೇಷಪ್ಪನ ಅಂಗಡಿಗೆ ಹೋದಾಗ, ಮೊಸರಿನ ಹನಿಯೂ ಇಲ್ಲದೆ ಹಾಲನ್ನು ಮೊಸರು ಮಾಡಲು ಏನಾದರೂ ದಾರಿ ಉಂಟೇ ಎಂದು ಕೇಳಿದೆ. ನಮ್ಮ ಊರಿನಲ್ಲಿ ಈ ವಿದ್ಯೆ ಗೊತ್ತಿರುವವನು ಅವನೊಬ್ಬನೇ ಎಂದುಕೊಂಡಿದ್ದೆ. ಹಸಿಮೆಣಸಿನಕಾಯಿಯ ತೊಟ್ಟು ಎರಡು ಹಾಕಿದರೆ ಸಾಕು ಎಂದ. ಮೊಸರು ಸ್ವಲ್ಪ ನೂಲು ಎಳೆಯುತ್ತದೆ, ಅಷ್ಟೇ ವ್ಯತ್ಯಾಸ. ಇದನ್ನು ಯಾರು ಕೇಳಿಕೊಂಡು ಬರುತ್ತಾರಪ್ಪ ಎಂದೆ.

“ಬರ್ತಾರೆ ಮೇಡಂ. ಯಾರು ಅಂತ ನಾನು ಹೇಳೋದಿಲ್ಲ.”

ಹಾಗೆಂದವನು ತಕ್ಕಡಿಯನ್ನೇ ನೋಡುತ್ತ ನಿಂತ. ನಾನು ಕೊಂಡದ್ದು ಅರ್ಧ ಲೀಟರ್ ಮೊಸರು, ಒಂಬತ್ತು ವರ್ಷದಿಂದ ಹಾಗೇ ಬರಿಗೈಯಲ್ಲಿ ಹಿಡಿದುಕೊಂಡು ಹೋಗುವ ಪ್ಯಾಕೆಟ್ಟು. ಅಂದು ಅವನು ಅದನ್ನು ಎರಡು ಪದರ ಪತ್ರಿಕೆಯಲ್ಲಿ ಸುತ್ತಿ ಕೊಟ್ಟ.

ಶನಿವಾರ ಸಂಜೆ ಪ್ರಯೋಗ ಮಾಡಿದೆ. ಹಾಲು ಕಾಸಿ, ಎರಡು ತೊಟ್ಟು ಮುಳುಗಿಸಿ, ತಟ್ಟೆ ಮುಚ್ಚಿದೆ. ಭಾನುವಾರ ಬೆಳಗ್ಗೆ ಚಮಚ ಎತ್ತಿದರೆ ನೂಲು. ನಾಲಿಗೆಗೆ ಹಚ್ಚಿದೆ. ನನಗೆ ಆ ರುಚಿ ಗೊತ್ತಿತ್ತು. ಹನ್ನೊಂದು ವರ್ಷ ದಿನಕ್ಕೆರಡು ಹೊತ್ತು ಉಂಡ ರುಚಿ.

ನಮ್ಮ ಮನೆಯವರು ಸರ್ವೆ ಇಲಾಖೆಯಲ್ಲಿದ್ದವರು, ಮಾತು ಕಡಿಮೆ. ಪ್ರತಿ ಭಾನುವಾರ ಜಗುಲಿಯಲ್ಲಿ ಪತ್ರಿಕೆ ಹರಡಿ ವಾರಕ್ಕಾಗುವಷ್ಟು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ತೊಟ್ಟು ತೆಗೆದರೆ ಕೊಳೆಯುವುದಿಲ್ಲ ಕಣೇ ಎನ್ನುತ್ತಿದ್ದರು. ಅದು ನಿಜವೂ ಹೌದು. ಅದಕ್ಕೇ ನಾನು ಇನ್ನೇನೂ ಕೇಳಿರಲಿಲ್ಲ. ಆಮೇಲೆ ಊರಿನವರ ಕುಡಿಕೆಗಳಿಗೆಲ್ಲ ಲಿಟ್ಮಸ್ ಹಿಡಿದವಳು ಅವರಿದ್ದಾಗ ನನ್ನ ಮನೆಯ ಕುಡಿಕೆಗೆ ಹಿಡಿದಿರಲಿಲ್ಲ. ನಮ್ಮ ಹಾಲು ಹೆಪ್ಪಾಗುವುದು ಯಾವಾಗ ನಿಂತಿತು? ಯಾರ ಕಡೆಯಿಂದ ನಿಂತಿತು, ಅವರದೋ ನನ್ನದೋ? ಆ ಬೆಳಗ್ಗೆ ಕುರ್ಚಿಯಲ್ಲಿ ಕೂತು ಹಳೆಯ ವರ್ಷಗಳನ್ನು ಒಂದೊಂದಾಗಿ ಅನುಮಾನಿಸಿದೆ. ಕಾಲೇಜಿನ ಗಲಾಟೆಯಲ್ಲಿ ನಾನು ಮನೆಗೆ ಮಲಗಲು ಮಾತ್ರ ಬರುತ್ತಿದ್ದ ವರ್ಷಗಳೂ ಅದರಲ್ಲಿದ್ದವು.

ಸೋಮವಾರ ಕೆರೆಯ ಪಕ್ಕದ ಮನೆಗೆ ಹೋದೆ. ಆರು ದಿನ ಹಾಲಾಗಿತ್ತು, ಇದು ಏಳನೆಯದು. ತಟ್ಟೆ ತೆಗೆದರೆ ಮೊಸರು. ಚಮಚ ಎತ್ತಿದರೆ ನೂಲು. ಎರಡು ಸಲವೂ ಸೋಮವಾರವೇ. ಭಾನುವಾರ ಈ ಮನೆಯಲ್ಲಿ ಏನಾಗುತ್ತದೆ ಎಂದು ಯೋಚಿಸಿ, ಹೇಳದೆ ಕೇಳದೆ ಫ್ರಿಜ್ಜಿನ ಬಾಗಿಲು ತೆಗೆದೆ. ಒಂದು ಡಬ್ಬಿಯ ತುಂಬ ಹಸಿಮೆಣಸಿನಕಾಯಿ, ಒಂದಕ್ಕೂ ತೊಟ್ಟಿಲ್ಲ. ಕಸದ ಬುಟ್ಟಿಯನ್ನು ಪತ್ರಿಕೆಯ ಮೇಲೆ ಸುರಿದು ಕೂತೆ. ಅರವತ್ತೆಂಟು ವರ್ಷದ ಹೆಂಗಸು ಕಸದಲ್ಲಿ ಕೈಯಾಡಿಸುವುದನ್ನು ಅವರಿಬ್ಬರೂ ಗೋಡೆಗೆ ಒರಗಿ ನೋಡಿದರು. ಮೆಣಸಿನಕಾಯಿ ಇಪ್ಪತ್ತಾರು, ತೊಟ್ಟು ಇಪ್ಪತ್ತನಾಲ್ಕು.

“ತೊಟ್ಟು ಬಿಡಿಸಿದವರು ಯಾರು?”

ಸುಹಾಸ ಕೈ ಎತ್ತಿದ, ತರಗತಿಯಲ್ಲಿ ಎತ್ತಿದ ಹಾಗೆ. “ನಾನೇ ಮೇಡಂ. ಪ್ರತಿ ಭಾನುವಾರ ಬಿಡಿಸ್ತೀನಿ. ಅದಕ್ಕೂ ಹಾಲಿಗೂ ಏನು ಸಂಬಂಧ?”

ಸಂಬಂಧ ಹೇಳಿದೆ. ತೊಟ್ಟಿಗೆ ಅಂಥ ಗುಣವಿದೆಯೆಂದು ತನಗೆ ಗೊತ್ತೇ ಇಲ್ಲ ಎಂದ. ಹಾಗಾದರೆ ಯಾಕೆ ಬಿಡಿಸುತ್ತೀರಿ ಎಂದು ಬಿಡದೆ ಕೇಳಿದೆ. ಅವನು ಪೂರ್ವಿಯ ಕಡೆ ನೋಡದೆ, ನೆಲ ನೋಡಿಕೊಂಡು ಹೇಳಿದ.

“ಅವಳು ಬೆಳಗ್ಗೆ ಒಗ್ಗರಣೆಗೆ ಮೆಣಸಿನಕಾಯಿ ಮುರಿದು ಹಾಕಿ, ಅದೇ ಕೈಯಲ್ಲಿ ಕಣ್ಣಿಗೆ ಲೆನ್ಸ್ ಹಾಕ್ಕೊಳ್ತಿದ್ಲು ಮೇಡಂ. ಮದುವೆಯಾದ ಹೊಸದರಲ್ಲಿ ಒಂದು ದಿನ ಕಣ್ಣು ಉರಿದು ಕೂತ್ಬಿಟ್ಟಿದ್ಲು. ಖಾರ ಜಾಸ್ತಿ ಇರೋದು ತೊಟ್ಟಿನ ಬುಡದಲ್ಲಿ. ತೊಟ್ಟು ಬಿಡಿಸಿ ತೊಳೆದು ಇಟ್ಟರೆ ಕತ್ತರಿಯಲ್ಲಿ ಕತ್ತರಿಸಿ ಹಾಕಬಹುದು, ಕೈ ಮುಟ್ಟೋದೇ ಬೇಡ. ಅದಕ್ಕೇ ಡಬ್ಬೀಲಿ ಒಂದು ಕತ್ತರಿ ಇಟ್ಟಿರ್ತೀನಿ.”

ಡಬ್ಬಿಯಲ್ಲಿ ನಿಜವಾಗಿಯೂ ಒಂದು ಪುಟ್ಟ ಕತ್ತರಿ ಇತ್ತು. ಪೂರ್ವಿ ಅದನ್ನು ಈಗ ಮೊದಲು ನೋಡಿದವಳಂತೆ ನೋಡಿದಳು. ಮೂರು ವರ್ಷದಿಂದ ಬಳಸಿದ ಕತ್ತರಿ.

“ತರಕಾರಿಯವನೇ ಹಾಗೆ ಕೊಡ್ತಾನೆ ಅಂದ್ಕೊಂಡಿದ್ದೆ,” ಎಂದಳು. ಡಬ್ಬಿಯ ಮುಚ್ಚಳ ಮುಚ್ಚಿ, “ಮೇಡಂ, ಆ ಎರಡು ತೊಟ್ಟು ಹಾಲಿಗೆ ಹಾಕಿದ್ದು ನಾನು, ನೀವು ಬರೋ ಮೊದಲು ತೆಗೆದು ಹೊರಗೆ ಎಸೆದದ್ದೂ ನಾನು. ಹೋದ ವಾರವೂ ನಾನೇ,” ಎಂದಳು.

ಅವನೇ ಹಾಕಿದ ಎಂದು ನೀನೇ ಬಾಲ್ಕನಿಯಲ್ಲಿ ನನಗೆ ಹೇಳಿದೆಯಲ್ಲಮ್ಮ ಎಂದು ಕೇಳಿದೆ. ಕಳ್ಳರು ಇನ್ನೇನು ಹೇಳ್ತಾರೆ ಮೇಡಂ ಎಂದಳು. ಆಸ್ಪತ್ರೆಯ ಆಯಾ ಒಬ್ಬಳು ಅವಳಿಗೆ ಈ ಉಪಾಯ ಹೇಳಿಕೊಟ್ಟಿದ್ದಳಂತೆ. ಹೋಗಬೇಕು ಎಂಬುದು ಅವಳಿಗೆ ಖಚಿತವೇ. ಆದರೆ ಲೆಕ್ಕ ಮುಗಿಯುತ್ತ ಬಂದ ಹಾಗೆ, ಇನ್ನೊಂದು ದಿನ ಇರಲಿ ಅನ್ನಿಸಿತಂತೆ, ಅಷ್ಟೇ. ಸುಹಾಸ ಕಸವನ್ನೆಲ್ಲ ಬಳಿದು ಬುಟ್ಟಿಗೆ ತುಂಬಿ, ನನಗೆ ಕೈ ತೊಳೆಯಲು ಸೋಪು ತಂದುಕೊಟ್ಟ.

ಮೋಸದ ಮೊಸರಾದರೂ ಲೆಕ್ಕ ಮುರಿದಂತೆಯೇ. ಮರುದಿನ ಮಂಗಳವಾರ ಬೆಳಗ್ಗೆ ಮತ್ತೆ ಮೊಸರು. ನಾನು ಅನುಮಾನದಿಂದಲೇ ಚಮಚ ಅದ್ದಿದೆ. ಅದು ಗಟ್ಟಿಯಾಗಿ, ಕತ್ತರಿಸಿದ ಹಾಗೆ ಬಂತು. ಒಂದು ಎಳೆ ನೂಲಿಲ್ಲ. ಕುಡಿಕೆಯನ್ನು ಓರೆ ಮಾಡಿದರೂ ಅಲುಗಲಿಲ್ಲ. ಇದಕ್ಕೆ ಯಾರೂ ಏನೂ ಹಾಕಿಲ್ಲ ಎಂದು ಹೇಳಿದೆ. ಇಬ್ಬರಿಗೂ ಸಂತೋಷವಾಗಲಿಲ್ಲ. ಒಂದನೇ ತಾರೀಖಿಗೆ ಉಳಿದದ್ದು ಏಳೇ ಬೆಳಗು. ಒಂದೂ ತಪ್ಪುವಂತಿರಲಿಲ್ಲ.

ಹಾಗಾದರೆ ಅರ್ಜಿ ಹಿಂತೆಗೆದುಕೊಳ್ಳಬಾರದೇ ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಕೇಳಬಾರದಿತ್ತು. ಒಂದು ಕತ್ತರಿ ನೋಡಿ ಮನಸ್ಸು ಬದಲಾಯಿಸಿದರೆ ಆರು ತಿಂಗಳಲ್ಲಿ ಮತ್ತೆ ಇದೇ ಅಡುಗೆಮನೆಯಲ್ಲಿ ನಿಂತಿರುತ್ತೇವೆ ಎಂದಳು ಪೂರ್ವಿ. ಇನ್ನೊಬ್ಬರಿಗೆ ತಿಳಿಯದ ಹಾಗೆ ಒಳ್ಳೆಯದು ಮಾಡುವವರ ಜೊತೆ ಬಾಳುವುದು ಒಬ್ಬಳೇ ಇದ್ದ ಹಾಗೇ ಮೇಡಂ, ನಾನೂ ಅವನಿಗೆ ಹಾಗೇ ಇದ್ದೆ ಎಂದಳು. ಜಗುಲಿಯ ಮೇಲೆ ಹರಡಿದ ಪತ್ರಿಕೆ ನನ್ನ ಕಣ್ಣ ಮುಂದೆ ಬಂದಿತ್ತು.

ಅಂದು ಲಿಫ್ಟಿನಲ್ಲಿ ಸುಹಾಸ ಕೇಳಿದ, “ಏಳು ದಿನ ಕೆಟ್ಟವನಾಗಿರೋದು ಹೇಗೆ ಮೇಡಂ?”

“ನನಗೂ ಅಭ್ಯಾಸ ಇಲ್ಲ ಮಗು,” ಎಂದೆ.

ಅವನು ಬಹಳ ಪ್ರಯತ್ನಪಟ್ಟ. ಟಿವಿಯ ಧ್ವನಿ ತಗ್ಗಿಸಲಿಲ್ಲ, ಕೊನೆಗೆ ಪಕ್ಕದ ಮನೆಯವರು ಬಂದು ತಗ್ಗಿಸಿ ಎಂದು ಹೇಳಬೇಕಾಯಿತು. ಅವಳು ಸ್ನಾನಕ್ಕೆ ಹೋಗುವ ಮೊದಲೇ ಗೀಸರ್ ಆರಿಸಿಬಿಡುತ್ತಿದ್ದ. ಅವಳ ಸ್ಕೂಟರಿನ ಹಿಂದೆ ತನ್ನ ಕಾರು ನಿಲ್ಲಿಸಿದ. ಭಾನುವಾರ ಮೆಣಸಿನಕಾಯಿ ತಂದು ತೊಟ್ಟಿನ ಸಮೇತ ಹಾಗೇ ಕಟ್ಟೆಯ ಮೇಲೆ ಸುರಿದಿಟ್ಟ. ಸೋಮವಾರ ಬೆಳಗ್ಗೆ ನಾನು ಹೋದಾಗ ಪೂರ್ವಿಯ ಒಂದು ಕಣ್ಣು ಕೆಂಪಾಗಿತ್ತು. ಬೇಕೂಂತಲೇ ಮಾಡ್ತಿದ್ದಾನೆ ಮೇಡಂ, ನನಗೋಸ್ಕರ ಎಂದು ಪಿಸುಗುಟ್ಟಿ, ಕಣ್ಣಿಗೆ ನೀರು ಎರಚಿಕೊಂಡಳು. ನನಗೆ ಭಯವಾದದ್ದು ಅದಕ್ಕೇ. ಅವಳನ್ನು ಕಳಿಸಿಕೊಡಲೆಂದು ಕೆಟ್ಟವನಾಗುವುದು ಯಾವ ಲೆಕ್ಕಕ್ಕೆ ಸೇರುತ್ತದೆ? ಹಾಲಿಗೆ ಇದು ತಿಳಿದುಬಿಟ್ಟರೆ? ಆದರೂ ಆರು ಬೆಳಗು ಹಾಲೇ.

ಏಳನೆಯದು ಮಂಗಳವಾರ. ಅಡುಗೆಮನೆಯ ಬಾಗಿಲ ಬಳಿಯೇ ಪೂರ್ವಿಯ ಎರಡು ಪೆಟ್ಟಿಗೆ. ಮಧ್ಯಾಹ್ನ ಮೂರಕ್ಕೆ ಬಸ್ಸು, ಅಷ್ಟರೊಳಗೆ ಕೋರ್ಟಿನಿಂದ ಕಾಗದ ಕೈಗೆ ಬರಬೇಕು. ಅಡುಗೆಮನೆಯ ಕಟ್ಟೆಯ ಮೇಲೆ ಪತ್ರಿಕೆ, ಅದರ ಮೇಲೆ ತೊಟ್ಟಿನ ಗುಡ್ಡೆ. ಪಕ್ಕದಲ್ಲಿ ಹೊಸ ಡಬ್ಬಿ, ತೊಳೆದು ಒರೆಸಿದ ಮೆಣಸಿನಕಾಯಿ, ಹೊಸ ಕತ್ತರಿ.

“ಆರು ದಿನ ತಡೆದೆ ಮೇಡಂ,” ಎಂದ ಸುಹಾಸ. “ನಿನ್ನೆ ಸಂಜೆ ಕೈ ತಡೀಲಿಲ್ಲ. ಅವಳ ಹೊಸ ಮನೆಗೆ ಅಂತ. ಈ ಸಲ ಅವಳ ಎದುರಿಗೇ ಕೂತು ಬಿಡಿಸಿದೆ.”

ಪೂರ್ವಿಯೂ ಜೊತೆಗೆ ಕೂತು ಬಿಡಿಸಿದಳಂತೆ. ಮಾತಾಡಿದರಂತೆ. ತೊಟ್ಟು ಎಣಿಸಿದೆ. ಮೂವತ್ತು ಮೆಣಸಿನಕಾಯಿ, ಮೂವತ್ತು ತೊಟ್ಟು. ತಟ್ಟೆ ತೆಗೆದೆ. ಕುಡಿಕೆಯ ತುಂಬ ಬೆಳ್ಳಗೆ, ಗಟ್ಟಿಯಾಗಿ, ಮೇಲೆ ಒಂದಿಷ್ಟು ಕೆನೆಯೊಂದಿಗೆ ಮೊಸರು ನಿಂತಿತ್ತು.

ಇಬ್ಬರೂ ನನ್ನ ಚೀಲವನ್ನು ನೋಡಿದರು. ಇದ್ದದ್ದನ್ನ ಬರೀರಿ ಮೇಡಂ ಎಂದಳು ಪೂರ್ವಿ. ಅವಳ ಧ್ವನಿ ಸರಿಯಾಗಿಯೇ ಇತ್ತು. ಕೈ ಮಾತ್ರ ಪೆಟ್ಟಿಗೆಯ ಹಿಡಿಯನ್ನು ಬಿಟ್ಟಿರಲಿಲ್ಲ. ನಾನು ಸುಹಾಸನನ್ನು ಕೇಳಿದೆ, ಅವಳು ಹೋಗಬೇಕೇ, ಇರಬೇಕೇ? ಇದನ್ನು ಈವರೆಗೆ ಯಾರೂ ಅವನನ್ನು ನೇರವಾಗಿ ಕೇಳಿರಲಿಲ್ಲವೆಂದು ಕಾಣುತ್ತದೆ.

“ಹೋಗಬೇಕು ಮೇಡಂ,” ಎಂದ. “ನನಗೆ ಕಷ್ಟ ಆಗುತ್ತೆ. ಅದನ್ನೂ ನಿನ್ನೆ ಹೇಳಿದೀನಿ ಅವಳಿಗೆ.”

ನೋಟ್‌ಬುಕ್ಕು ತೆಗೆದೆ. ನಮ್ಮ ಮನೆಯವರು ಹಾಲನ್ನು ಹನ್ನೊಂದು ವರ್ಷ ಮೊಸರು ಎಂದು ತೋರಿಸಿದರು. ಒಂದು ಬೆಳಗು ಮೊಸರನ್ನು ಹಾಲು ಎಂದು ಬರೆಯಲು ನನ್ನ ಕೈ ಯಾಕೆ ನಡುಗಬೇಕು? ನಡುಗಿತು. ಆದರೂ ಬರೆದೆ. ‘ಹಾಲು.’ ನೋಟ್‌ಬುಕ್ಕನ್ನು ಅವರ ಕಡೆ ತಿರುಗಿಸಿದೆ. ಇಬ್ಬರೂ ಓದಿದರು. ಮೊದಲು ನೀನು ಎಂದು ಅಂದು ಯಾರೂ ಹೇಳಲಿಲ್ಲ. ಸುಹಾಸ ಪೆನ್ನು ತೆಗೆದುಕೊಂಡು ಸಹಿ ಹಾಕಿ ಅವಳ ಕೈಗೆ ಕೊಟ್ಟ. ಅವಳು ಹಾಕಿದಳು.

ಆಮೇಲೆ ಅವನು ಅನ್ನಕ್ಕಿಟ್ಟ. ಕುಡಿಕೆಯ ಮೊಸರು ಇನ್ನು ಯಾರ ಕಣ್ಣಿಗೂ ಬೀಳುವಂತಿರಲಿಲ್ಲವಲ್ಲ. ಅನ್ನ ಆರಿದ ಮೇಲೆ ಕುಡಿಕೆಯನ್ನು ನಾನೇ ಬಗ್ಗಿಸಿದೆ, ಅವನು ಕಲೆಸಿದ, ಅವಳು ಶುಂಠಿ, ಕರಿಬೇವು ಹಾಕಿ ಒಗ್ಗರಣೆ ಕೊಟ್ಟು, ಕತ್ತರಿಯಲ್ಲಿ ಮೆಣಸಿನಕಾಯಿ ಕತ್ತರಿಸಿ ಉದುರಿಸಿದಳು. ಪ್ರಯಾಣಕ್ಕೆ ಮೊಸರನ್ನ. ಇಬ್ಬರೂ ಮೇಜಿನ ಎದುರುಬದುರು ಕೂತು ಅಲ್ಲೇ ಒಂದಿಷ್ಟು ಉಂಡರು. ಉಳಿದದ್ದರಲ್ಲಿ ಅವಳಿಗೊಂದು ಡಬ್ಬಿ, ನನಗೊಂದು ಡಬ್ಬಿ.

ಕೋರ್ಟಿನಲ್ಲಿ ಗುರುಲಿಂಗಪ್ಪ ಪುಟವನ್ನು ಎರಡೆರಡು ಸಲ ಓದಿದ. ಕೊನೆಯ ‘ಹಾಲು’ ಮೇಲಿನ ಆರರಂತೆ ನೆಟ್ಟಗಿಲ್ಲ ಎಂದ. ವಯಸ್ಸಾಯಿತಪ್ಪ ಎಂದೆ. ಆಮೇಲೆ ಅವನ ಕಣ್ಣು ನನ್ನ ಸೆರಗಿನ ಮೇಲೆ ಬಿತ್ತು. ಅಂಚಿನಲ್ಲಿ ಒಂದು ಬಿಳಿಯ ಹನಿ, ಹರಿಯದೆ, ಇಂಗದೆ, ಉಬ್ಬಿ ನಿಂತಿತ್ತು. ಹಾಲಿನ ಹನಿ ಹಾಗೆ ನಿಲ್ಲುವುದಿಲ್ಲ ಎಂದು ತಿಳಿಯಲು ರಸಾಯನಶಾಸ್ತ್ರ ಓದಬೇಕಾಗಿಲ್ಲ. ಅವನು ಅದನ್ನು ನೋಡಿದ, ಗಡಿಯಾರ ನೋಡಿದ, ನನ್ನ ಮುಖ ನೋಡಿದ. ಹನ್ನೆರಡೂವರೆಯಾಗಿತ್ತು. ಜೇಬಿನಿಂದ ಕರ್ಚೀಫು ತೆಗೆದು ನನ್ನ ಮುಂದಿಟ್ಟ.

“ಹಾಲಿನ ಕಲೆ ಬೇಗ ಹೋಗಲ್ಲ ಮೇಡಂ. ಒಣಗೋ ಮೊದಲು ಒರೆಸ್ಕೊಂಬಿಡಿ,” ಎಂದು ಮೊಹರು ಒತ್ತಿದ.

ಕಾಗದವನ್ನು ಪೂರ್ವಿಯ ಕೈಗೆ ಕೊಟ್ಟು, ಬಸ್ಸು ಹೊರಟ ಮೇಲೆ ನಿಧಾನವಾಗಿ ಮನೆಗೆ ಬಂದು ಕೈಕಾಲು ತೊಳೆದು ಡಬ್ಬಿ ಬಿಚ್ಚಿದೆ. ಆ ಹೊತ್ತಿಗೆ ಪೂರ್ವಿಯ ಬಸ್ಸು ಚೌಕಿ ದಾಟಿರಬೇಕು, ಅವಳೂ ಡಬ್ಬಿ ಬಿಚ್ಚಿರಬೇಕು. ಚಮಚ ಎತ್ತಿದೆ. ನೂಲಿಲ್ಲ. ಸಿಹಿ ಮೊಸರು, ಯಾರೂ ಏನೂ ಬೆರೆಸದ ಮೊಸರು, ತುಂಬ ಚೆನ್ನಾಗಿತ್ತು. ಪೂರ್ತಿ ಉಂಡೆ. ಉಂಡು ಮುಗಿದ ಮೇಲೂ ಏನೋ ಸಾಲದು ಅನ್ನಿಸಿತು. ಬಾಯಿ ಆ ನೂಲನ್ನು ಹುಡುಕುತ್ತಿತ್ತು.

ಸಂಜೆ ಶೇಷಪ್ಪನ ಅಂಗಡಿಯ ಮುಂದೆ ಹಾಯ್ದು ಹೋದೆ, ಒಳಗೆ ಹೋಗಲಿಲ್ಲ. ಮೂಲೆಯ ತರಕಾರಿಯವಳ ಹತ್ತಿರ ನಿಂತು, ತೊಟ್ಟು ಇರುವ ಮೆಣಸಿನಕಾಯಿಯನ್ನೇ ಆರಿಸಿ ಕೊಡಮ್ಮ ಎಂದೆ.